ಕುದಿಸಿದ ನೀರೆಲ್ಲ ಶುದ್ಧವೇ?

ಕುಡಿಯುವ ನೀರಿನ ಬಗ್ಗೆ ಸಂದೇಹ ಮೂಡಿದಾಗಲೆಲ್ಲ ಕೇಳಿಬರುವ ಸಲಹೆ ಒಂದೇ: ಚೆನ್ನಾಗಿ ಕುದಿಸಿ, ಆರಿಸಿ ಕುಡಿಯಿರಿ. ಕಾಲರಾ, ವಿಷಮಶೀತಜ್ವರಗಳ ವಿರುದ್ಧ ಈ ಸಲಹೆ ಅಸಂಖ್ಯ ಜೀವಗಳನ್ನು ಉಳಿಸಿದೆ. ಆದರೆ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಸೀಮೆಯ ಆಳದ ಕೊಳವೆಬಾವಿಗಳು ಹೊರಚೆಲ್ಲುವ ಫ್ಲೋರೈಡ್‌ಯುಕ್ತ ನೀರಿಗೂ ಇದೇ ಮದ್ದು ಎಂದು ನಂಬುವುದು ಅಪಾಯಕರ.

ಭೌತ ಬದಲಾವಣೆ ಮತ್ತು ರಾಸಾಯನಿಕ ಬದಲಾವಣೆಗಳ ವ್ಯತ್ಯಾಸವನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದವರೇ. ಪರೀಕ್ಷೆ ಮುಗಿದೊಡನೆ ಅದನ್ನು ಮರೆತೆವು. ನೀರು ಕುದಿದು ಆವಿಯಾಗುವುದು ಭೌತ ಬದಲಾವಣೆ. ಸ್ಥಿತಿ ಬೇರೆಯಾದರೂ ಅಣು ಅದೇ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರ ರಾಸಾಯನಿಕ ಬದಲಾವಣೆಯ ಫಲ. ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟು ಶಾಖಕ್ಕೆ ವಿಭಜನೆಗೊಂಡು, ಕರಗದ ಕಾರ್ಬೊನೇಟಾಗಿ ತಳ ಸೇರುತ್ತದೆ. ಫ್ಲೋರೈಡಾದರೋ ಆವಿಯಾಗಿ ಹಾರಿಹೋಗುವುದಿಲ್ಲ, ಶಾಖಕ್ಕೆ ಒಡೆಯುವುದೂ ಇಲ್ಲ. ನೀರಿನ ಒಂದಂಶ ಆವಿಯಾಗುವುದರಿಂದ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಕೊಂಚ ಹೆಚ್ಚುತ್ತದೆ. ನಗರದ ಕೊಳವೆಬಾವಿಗಳಿಗೆ ಚರಂಡಿಯಿಂದ ಇಳಿಯುವ ನೈಟ್ರೇಟಿನ ಕಥೆಯೂ ಇದೇ. ಹಸುಗೂಸುಗಳಿಗೆ ಅದು ಮಾರಕವಾಗಬಲ್ಲದು.

ಹಿಂದಿನ ಸ್ಥಿತಿಗೆ ತರಬಹುದಾದದ್ದು ಭೌತ, ತರಲಾಗದ್ದು ರಾಸಾಯನಿಕ ಎಂಬ ಸುಲಭ ಸೂತ್ರವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದುಂಟು. ಹರಿದ ಬಟ್ಟೆ ಮತ್ತೆ ಮೊದಲಿನಂತಾಗದು; ಆದರೂ ಅದು ಭೌತ ಬದಲಾವಣೆಯೇ. ಮೊಬೈಲಿನ ಬ್ಯಾಟರಿಯಲ್ಲಿ ನಡೆಯುವುದು ರಾಸಾಯನಿಕ ಕ್ರಿಯೆ. ಚಾರ್ಜು ಮಾಡಿದರೆ ಅದು ಹಿಮ್ಮುಖವಾಗುತ್ತದೆ. ನಾವು ಕಲಿಸಬೇಕಾದದ್ದು ಎರಡು ಪ್ರಶ್ನೆಗಳನ್ನು: ಹೊಸ ವಸ್ತು ಹುಟ್ಟಿತೇ? ಹಳೆಯದು ಎಲ್ಲಿಗೆ ಹೋಯಿತು?

ಎರಡನೆಯ ಪ್ರಶ್ನೆಯನ್ನು ಸರ್ಕಾರಕ್ಕೂ ಕೇಳಬೇಕಿದೆ. ಹಳ್ಳಿಗಳಲ್ಲಿ ಸ್ಥಾಪಿಸಿರುವ ಶುದ್ಧ ನೀರಿನ ಘಟಕಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಆರ್‌ಓ ತಂತ್ರಜ್ಞಾನ. ಪೊರೆಯ ಮೂಲಕ ನೀರನ್ನು ಒತ್ತಡದಿಂದ ಹಾಯಿಸುವ ಈ ವಿಧಾನ ಕೇವಲ ಭೌತಿಕ ಬೇರ್ಪಡಿಕೆ. ಅದು ಫ್ಲೋರೈಡನ್ನು ನಾಶ ಮಾಡುವುದಿಲ್ಲ, ತಿರಸ್ಕೃತ ನೀರಿಗೆ ಸಾಗಹಾಕುತ್ತದೆ ಅಷ್ಟೆ. ಆ ನೀರನ್ನು ಪಕ್ಕದ ಚರಂಡಿಗೆ ಬಿಟ್ಟರೆ ಅದು ಮತ್ತೆ ಮಣ್ಣಿಗೇ ಸೇರುತ್ತದೆ. ಸುಣ್ಣ ಮತ್ತು ಪಟಿಕವನ್ನು ಬಳಸುವ ನಲ್ಗೊಂಡ ವಿಧಾನದಲ್ಲೂ ಫ್ಲೋರೈಡ್ ಕೆಸರಿನಲ್ಲಿ ಉಳಿಯುತ್ತದೆ; ಆ ಕೆಸರಿಗೂ ವಿಲೇವಾರಿ ಬೇಕು.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ವಿನಾಯಿತಿ ಇದೆ. ಬಣ್ಣ, ವಾಸನೆ, ರುಚಿಗಳಿಂದ ಇದನ್ನು ತಿಳಿಯಲಾಗದು. ಹಲ್ಲಿನ ಮೇಲೆ ಕಂದು ಕಲೆ ಮೂಡುವ, ಮೂಳೆ ಬಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಆದ್ದರಿಂದ ಪ್ರತಿ ಘಟಕದ ಮುಂದೆ ನೀರಿನ ಪರೀಕ್ಷಾ ಫಲಿತಾಂಶವನ್ನು ಕನ್ನಡದಲ್ಲಿ, ದಿನಾಂಕಸಹಿತ ಪ್ರಕಟಿಸಬೇಕು. ತಿರಸ್ಕೃತ ನೀರು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ನಿರ್ವಾಹಕರು ಲೆಕ್ಕ ಕೊಡಬೇಕು. ಕುಡಿಯಲು ಮತ್ತು ಅಡುಗೆಗೆ ಮಳೆನೀರಿನ ಸಂಗ್ರಹವನ್ನು ಆದ್ಯತೆಯಾಗಿ ಬೆಳೆಸಬೇಕು.

ಸೂಕ್ಷ್ಮಾಣುಗಳಿಗೆ ಬೆಂಕಿ ಸಾಕು, ಲವಣಗಳಿಗೆ ಸಾಲದು. ಈ ವಿವೇಕ ಅಂಕಪಟ್ಟಿಯಿಂದಾಚೆಗೂ ಉಳಿದಾಗಲೇ ವಿಜ್ಞಾನ ಶಿಕ್ಷಣ ಸಾರ್ಥಕ.