ದೋಣಿಗೆ ಇಸಿ ಇಲ್ಲ: ಸೆಕೆಂಡ್ ಹ್ಯಾಂಡ್ ದೋಣಿ ಕೊಳ್ಳುವ ಮುನ್ನ ಟೈಟಲ್ ನೋಡುವುದು ಹೇಗೆ?

ಮಲೆನಾಡಿನಲ್ಲಿ ಅರ್ಧ ಎಕರೆ ಅಡಿಕೆ ತೋಟ ಕೊಳ್ಳುವವರು ಕೂಡ ಪಹಣಿ ತೆಗೆಸುತ್ತಾರೆ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ, ಅಂದರೆ ಇಸಿ ತರಿಸುತ್ತಾರೆ, ಮಾರುವವರ ವಂಶವೃಕ್ಷ ಕೇಳುತ್ತಾರೆ. ಬೈಕು ಕೊಳ್ಳುವಾಗ ಆರ್‌ಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರು ಇದೆಯೇ ಎಂದು ನೋಡುತ್ತಾರೆ. ದೋಣಿಯ ವಿಷಯಕ್ಕೆ ಬಂದಾಗ ಮಾತ್ರ ಎಂಜಿನ್ ಸ್ಟಾರ್ಟ್ ಮಾಡಿ, ಅಡಿ ಹಲಗೆ ತಟ್ಟಿ ನೋಡಿ, ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡರೆ ವ್ಯಾಪಾರ ಮುಗಿಯಿತು ಎಂದುಕೊಳ್ಳುತ್ತೇವೆ. ದೋಣಿ ಗಟ್ಟಿಯಾಗಿದೆಯೇ ಎನ್ನುವುದು ಒಂದು ಪ್ರಶ್ನೆ. ಅದು ಮಾರುವವರದ್ದೇ ಹೌದೇ, ಅದರ ಮೇಲೆ ಬೇರೆಯವರ ಹಕ್ಕು ಇಲ್ಲವೇ ಎನ್ನುವುದು ಇನ್ನೊಂದು ಪ್ರಶ್ನೆ. ಈ ಎರಡನೆಯದಕ್ಕೆ ಉತ್ತರ ದೋಣಿಯನ್ನು ಎಷ್ಟು ನೋಡಿದರೂ ಸಿಗುವುದಿಲ್ಲ.

ಆಗುಂಬೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಈ ವಿಷಯ ಸುಲಭವಾಗಿ ಅರ್ಥವಾಗುತ್ತದೆ. ಘಾಟಿಯ 14 ಹೇರ್‌ಪಿನ್ ತಿರುವು ಇಳಿದು ಹೆಬ್ರಿ, ಉಡುಪಿ ದಾಟಿದರೆ ಮಲ್ಪೆಯ ಮೀನುಗಾರಿಕೆ ಬಂದರು. ಈಚೆಗೆ ಬಂದರೆ ತೀರ್ಥಹಳ್ಳಿಯಲ್ಲಿ ತುಂಗೆ. ಮುಂದೆ ಹೊಸನಗರ, ಸಾಗರದ ಕಡೆಗೆ ಹೋದರೆ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಶರಾವತಿ ಹಿನ್ನೀರು. ಘಟ್ಟದ ಕೆಳಗಿನ ಕಡಲ ದೋಣಿಗೆ ಒಂದು ಕಾನೂನು, ಘಟ್ಟದ ಮೇಲಿನ ಒಳನಾಡು ದೋಣಿಗೆ ಇನ್ನೊಂದು. ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಹಳೆಯ ದೋಣಿ ಕೊಂಡು ಹಿನ್ನೀರಿಗೆ ತರಬೇಕು ಎನ್ನುವವರು ಎರಡನ್ನೂ ತಿಳಿದಿರಬೇಕು.

ಟೈಟಲ್ ಅಂದರೆ ಏನು?

ಟೈಟಲ್ ಅಂದರೆ ಒಡೆತನದ ಹಕ್ಕು. ದೋಣಿ ಚರ ಸ್ವತ್ತು. ಹಾಗಾಗಿ ಅದರ ಮಾರಾಟಕ್ಕೆ 1930ರ ಸರಕು ಮಾರಾಟ ಕಾಯ್ದೆ ಅನ್ವಯಿಸುತ್ತದೆ. ಅದರ 27ನೇ ಕಲಮಿನ ತಿರುಳು ಸರಳವಾಗಿದೆ: ಮಾರುವವರಿಗೆ ಎಷ್ಟು ಹಕ್ಕು ಇದೆಯೋ ಅಷ್ಟೇ ಕೊಳ್ಳುವವರಿಗೆ ಬರುತ್ತದೆ, ಅದಕ್ಕಿಂತ ಹೆಚ್ಚು ಬರುವುದಿಲ್ಲ. ಇದಕ್ಕೆ ಕೆಲವು ವಿನಾಯಿತಿಗಳಿವೆ, ಆದರೆ ಕದ್ದ ಮಾಲಿಗೆ ಅವು ರಕ್ಷಣೆ ಕೊಡುವುದಿಲ್ಲ. ಕದ್ದ ದೋಣಿಗೆ ನಾವು ಪೂರ್ತಿ ಬೆಲೆ ಕೊಟ್ಟಿದ್ದರೂ, ಅದು ಕದ್ದದ್ದು ಎಂದು ನಮಗೆ ಗೊತ್ತಿಲ್ಲದಿದ್ದರೂ, ನಿಜವಾದ ಒಡೆಯರು ಬಂದು ಕೇಳಿದರೆ ಬಿಟ್ಟುಕೊಡಬೇಕಾಗುತ್ತದೆ.

ಅದೇ ಕಾಯ್ದೆಯ 14ನೇ ಕಲಮು ಕೊಳ್ಳುವವರ ಪರವಾಗಿದೆ. ಮಾರುವ ಹಕ್ಕು ತನಗಿದೆ, ಈ ಸರಕಿನ ಮೇಲೆ ಹೇಳದೆ ಉಳಿಸಿದ ಋಣಭಾರ ಇಲ್ಲ ಎಂಬ ಭರವಸೆಯನ್ನು, ಕರಾರಿನಲ್ಲಿ ಬೇರೆ ರೀತಿ ಇಲ್ಲದಿದ್ದರೆ, ಮಾರುವವರು ಬಾಯಿಬಿಟ್ಟು ಹೇಳದಿದ್ದರೂ ಕೊಟ್ಟಂತೆಯೇ ಲೆಕ್ಕ. ಭರವಸೆ ಸುಳ್ಳಾದರೆ ಹಣ ವಾಪಸು ಕೇಳಿ ದಾವೆ ಹೂಡಬಹುದು. ಆದರೆ ಹಣ ತೆಗೆದುಕೊಂಡವರು ಊರಲ್ಲೇ ಸಿಗದಿದ್ದರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ನಂಬಿಕೆ 1: ‘ಯಾರ ಕೈಯಲ್ಲಿದೆಯೋ ಅವರದ್ದೇ ದೋಣಿ’

ದೋಣಿ ಓಡಿಸುತ್ತಿರುವವರು ಬಾಡಿಗೆಗೆ ಪಡೆದವರಿರಬಹುದು, ಪಾಲುದಾರರಲ್ಲಿ ಒಬ್ಬರಿರಬಹುದು, ತೀರಿಹೋದ ಒಡೆಯರ ಹಲವು ವಾರಸುದಾರರಲ್ಲಿ ಒಬ್ಬರಿರಬಹುದು. ಕರಾವಳಿಯ ದೊಡ್ಡ ಬೋಟುಗಳಲ್ಲಿ ಹಲವರು ಪಾಲು ಹಾಕಿ ಒಡೆಯರಾಗುವುದು ಹೊಸತೇನಲ್ಲ. ಸರಕು ಮಾರಾಟ ಕಾಯ್ದೆಯ 28ನೇ ಕಲಮಿನ ಪ್ರಕಾರ, ಉಳಿದವರ ಒಪ್ಪಿಗೆಯಿಂದ ಸ್ವತ್ತನ್ನು ಇಟ್ಟುಕೊಂಡ ಒಬ್ಬ ಪಾಲುದಾರ ಮಾರಿದಾಗ, ವಿಷಯ ಗೊತ್ತಿಲ್ಲದೆ ಪ್ರಾಮಾಣಿಕವಾಗಿ ಕೊಂಡವರಿಗೆ ಹಕ್ಕು ಸಿಗಬಹುದು. ಆದರೆ ನೋಂದಣಿ ಪತ್ರದಲ್ಲಿ ಮೂವರ ಹೆಸರು ಇದ್ದು, ನಾವು ಒಬ್ಬರ ಸಹಿ ಮಾತ್ರ ಪಡೆದಿದ್ದರೆ ‘ಗೊತ್ತಿರಲಿಲ್ಲ’ ಎಂದು ಹೇಳುವುದು ಕಷ್ಟ. ಹೆಸರು ಇರುವ ಎಲ್ಲರ ಸಹಿಯೂ ಬೇಕು. ಒಡೆಯರು ತೀರಿಹೋಗಿದ್ದರೆ ಮೊದಲು ವಾರಸುದಾರರ ಹೆಸರಿಗೆ ದಾಖಲೆ ಬದಲಾಗಲಿ, ಆಮೇಲೆ ವ್ಯಾಪಾರ.

ಬೆಲೆ ಅನುಮಾನ ಹುಟ್ಟಿಸುವಷ್ಟು ಕಡಿಮೆ ಇದ್ದರೆ ಇನ್ನೂ ಎಚ್ಚರ ಬೇಕು. ಕದ್ದ ಮಾಲು ಎಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಪಡೆದುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ.

ನಂಬಿಕೆ 2: ‘ಛಾಪಾ ಕಾಗದ, ನೋಟರಿ ಮುದ್ರೆ ಇದ್ದರೆ ಸಾಕು’

ಛಾಪಾ ಕಾಗದ ತೋರಿಸುವುದು ಸರ್ಕಾರಕ್ಕೆ ಸಲ್ಲಬೇಕಾದ ಮುದ್ರಾಂಕ ಶುಲ್ಕ ಸಂದಿದೆ ಎಂಬುದನ್ನು. ನೋಟರಿ ಮುದ್ರೆ ಹೇಳುವುದು ಇಂಥವರು ತಮ್ಮ ಮುಂದೆ ಸಹಿ ಹಾಕಿದರು ಎಂಬುದನ್ನು. ದೋಣಿ ಮಾರುವವರದ್ದೇ ಎಂದು ಎರಡೂ ಹೇಳುವುದಿಲ್ಲ. ಒಪ್ಪಂದ ಪತ್ರ ಬೇಕೇ ಬೇಕು, ಆದರೆ ಅದು ಇಬ್ಬರ ನಡುವಿನ ಮಾತಿಗೆ ಸಾಕ್ಷಿ ಅಷ್ಟೇ. ಸರ್ಕಾರಿ ರಿಜಿಸ್ಟರಿನಲ್ಲಿ ಹೆಸರು ಬದಲಾಗದ ತನಕ ತೊಂದರೆ ಎರಡೂ ಕಡೆಯವರಿಗೆ ಇದೆ. ವಾಹನಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಇದನ್ನೇ ಹೇಳಿತು: ಕಾರು ನಾಲ್ಕು ಕೈ ಬದಲಾಗಿದ್ದರೂ ಅಪಘಾತದ ದಿನ ನೋಂದಣಿ ಯಾರ ಹೆಸರಲ್ಲಿದೆಯೋ ಅವರೇ ಪರಿಹಾರಕ್ಕೆ ಹೊಣೆ. ದೋಣಿಯ ಕಾನೂನು ಬೇರೆಯಾದರೂ ಪಾಠ ಒಂದೇ.

ವಿಮೆಯೂ ಇದೇ ಕೊಂಡಿಗೆ ಸೇರಿದ್ದು. ಪಾಲಿಸಿ ಹಳೆಯ ಒಡೆಯರ ಹೆಸರಲ್ಲೇ ಉಳಿದಿರುವಾಗ ದೋಣಿ ಮುಳುಗಿದರೆ, ಪರಿಹಾರ ಕೇಳಲು ಹೊಸ ಒಡೆಯರ ಬಳಿ ಪಾಲಿಸಿ ಇರುವುದಿಲ್ಲ, ಹಳೆಯವರ ಬಳಿ ದೋಣಿ ಇರುವುದಿಲ್ಲ.

ನಂಬಿಕೆ 3: ‘ಸಾಲ ಮಾಡಿದವರು ತೀರಿಸುತ್ತಾರೆ, ನಮಗೇನು?’

ದೋಣಿಯ ವಿಷಯದಲ್ಲಿ ಹೆಚ್ಚು ನಷ್ಟ ತರಬಲ್ಲ ನಂಬಿಕೆ ಇದು. ಕಡಲ ಕಾನೂನಿನಲ್ಲಿ ಕೆಲವು ಬಾಕಿಗಳು ಒಡೆಯರ ಹಿಂದೆ ಹೋಗುವುದಿಲ್ಲ, ದೋಣಿಗೇ ಅಂಟಿಕೊಳ್ಳುತ್ತವೆ. 2017ರ ಅಡ್ಮಿರಾಲ್ಟಿ ಕಾಯ್ದೆಯ 9ನೇ ಕಲಮಿನಲ್ಲಿ ಇವುಗಳ ಪಟ್ಟಿ ಇದೆ: ದೋಣಿಯಲ್ಲಿ ದುಡಿದವರ ಸಂಬಳ, ದೋಣಿಯಿಂದ ಆದ ಸಾವು ಮತ್ತು ಗಾಯದ ಪರಿಹಾರ, ಅಪಾಯದಲ್ಲಿದ್ದ ದೋಣಿಯನ್ನು ಉಳಿಸಿ ತಂದವರಿಗೆ ಸಲ್ಲಬೇಕಾದ ಹಣ, ಬಂದರಿನ ಶುಲ್ಕ, ದೋಣಿ ಓಡಿಸುವಾಗ ಬೇರೆಯವರ ಸ್ವತ್ತಿಗೆ ಆದ ಹಾನಿ. ಒಡೆತನ ಬದಲಾದರೂ ಈ ಹಕ್ಕು ದೋಣಿಯ ಮೇಲೆ ಉಳಿಯುತ್ತದೆ. ಸಾಮಾನ್ಯವಾಗಿ ಇದರ ಅವಧಿ 1 ವರ್ಷ, ಸಂಬಳದ ಬಾಕಿಗೆ 2 ವರ್ಷ. ಅಷ್ಟರೊಳಗೆ ಬಾಕಿದಾರರು ಹೈಕೋರ್ಟಿಗೆ ಹೋದರೆ ದೋಣಿಯನ್ನೇ ‘ಬಂಧಿಸುವ’ ಆದೇಶ ಸಿಗಬಹುದು. ಕರ್ನಾಟಕ ಹೈಕೋರ್ಟಿಗೂ ಈ ಅಧಿಕಾರ ಇದೆ.

ಕಾನೂನು ಹೀಗೇಕೆ ಇದೆ? ಹಡಗು ಇಂದು ಒಂದು ಬಂದರಿನಲ್ಲಿ, ನಾಳೆ ಇನ್ನೊಂದರಲ್ಲಿ. ಒಡೆಯರು ಮೂರನೆಯ ದೇಶದಲ್ಲಿ ಇರಬಹುದು. ದುಡಿದವರ ಕಣ್ಣ ಮುಂದೆ ಇರುವುದು ಹಡಗು ಮಾತ್ರ. ಹಾಗಾಗಿ ಹಡಗನ್ನೇ ಹೊಣೆಗಾರನನ್ನಾಗಿ ಮಾಡಿದರು. ಕೂಲಿಯವರಿಗೆ ಇದು ನ್ಯಾಯ, ವಿಚಾರಿಸದೆ ಕೊಂಡವರಿಗೆ ಹೊರೆ.

ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಈ ಕಾಯ್ದೆ ಒಳನಾಡು ದೋಣಿಗಳಿಗೆ ಅನ್ವಯಿಸುವುದಿಲ್ಲ. ಆದರೆ ಕಡಲಲ್ಲಿ ದುಡಿಯುವಾಗ ಹುಟ್ಟಿದ ಬಾಕಿ, ದೋಣಿ ಲಾರಿ ಏರಿ ಘಟ್ಟ ಹತ್ತಿದ ಕೂಡಲೇ ಕರಗಿಹೋಗುತ್ತದೆ ಎಂದು ಲೆಕ್ಕ ಹಾಕಬಾರದು.

ಡೀಸೆಲ್ ಅಂಗಡಿಯ ಬಾಕಿ, ರಿಪೇರಿಯ ಬಾಕಿ ಈ ಪಟ್ಟಿಯಲ್ಲಿ ಇಲ್ಲ. ಆದರೆ ದೋಣಿ ಇನ್ನೂ ರಿಪೇರಿ ಯಾರ್ಡಿನಲ್ಲೇ ಇದ್ದರೆ, ಕೂಲಿ ಕೊಡುವ ತನಕ ಬಿಡುವುದಿಲ್ಲ ಎನ್ನುವ ಹಕ್ಕು ಮೇಸ್ತ್ರಿಗೆ ಕರಾರು ಕಾಯ್ದೆಯ 170ನೇ ಕಲಮಿನಡಿ ಇದೆ.

ಘಟ್ಟದ ಕೆಳಗೊಂದು ರಿಜಿಸ್ಟರ್, ಮೇಲೊಂದು

ಕಡಲ ಮೀನುಗಾರಿಕೆ ದೋಣಿಗಳ ನೋಂದಣಿ 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯಡಿ ನಡೆದು ಬಂದದ್ದು. ಆ ಕಾಯ್ದೆಯ ಜಾಗಕ್ಕೆ 2025ರಲ್ಲಿ ಸಂಸತ್ತು ಹೊಸದನ್ನು ಅಂಗೀಕರಿಸಿದೆ. ರಾಜ್ಯದ ದೋಣಿಗಳ ಮೈಮೇಲೆ ‘ಐಎನ್‌ಡಿ–ಕೆಎ’ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಅದರ ದಾಖಲೆ ಮೀನುಗಾರಿಕೆ ಇಲಾಖೆಯ ಬಳಿ ಮತ್ತು ‘ರಿಯಲ್‌ಕ್ರಾಫ್ಟ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಇರುತ್ತದೆ. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿ ಸಿಗುವ ಲೈಸೆನ್ಸ್ ಬೇರೆಯೇ. ಅದು ಮೀನು ಹಿಡಿಯಲು ಕೊಟ್ಟ ಅನುಮತಿ, ಒಡೆತನದ ಪತ್ರವಲ್ಲ.

ನದಿ ಮತ್ತು ಹಿನ್ನೀರಿನ ದೋಣಿಗಳಿಗೆ 2021ರ ಒಳನಾಡು ಜಲಯಾನಗಳ ಕಾಯ್ದೆ ಇದೆ. ಅದು 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದಿತು. ಎಂಜಿನ್ ಇರುವ ದೋಣಿಗೆ ಸರ್ವೇ ಪ್ರಮಾಣಪತ್ರ, ನೋಂದಣಿ ಪತ್ರ ಎರಡೂ ಬೇಕು. ಒಂದು ರಾಜ್ಯದ ನೋಂದಣಿ ದೇಶದ ಎಲ್ಲೆಡೆ ನಡೆಯುತ್ತದೆ. ಸಾಗರದ ಕಡೆಯವರಿಗೆ ಹೊಳೆಬಾಗಿಲಿನ ಲಾಂಚ್ ನಡೆಸಿದ ಇಲಾಖೆ ಎಂದೇ ಪರಿಚಯವಿರುವ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯಲ್ಲೇ ಇದನ್ನು ವಿಚಾರಿಸಬೇಕು. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾಗಿ ಅಲ್ಲಿ ಲಾಂಚಿನ ಅವಲಂಬನೆ ತಪ್ಪಿದೆ. ದೋಣಿಗಳ ದಾಖಲೆಯ ಕೆಲಸ ತಪ್ಪಿಲ್ಲ.

ಕಡಲ ದೋಣಿಯನ್ನು ಹಿನ್ನೀರಿಗೆ ತರುವುದಾದರೆ ಅಲ್ಲಿನ ನೋಂದಣಿ ಮುಗಿದ ಪತ್ರ ಕೈಗೆ ಬರುವ ಮೊದಲು ಪೂರ್ತಿ ಹಣ ಕೊಡಬೇಡಿ. ಒಂದೇ ದೋಣಿ ಎರಡು ಪುಸ್ತಕದಲ್ಲಿ ಇಬ್ಬರ ಹೆಸರಲ್ಲಿ ಉಳಿಯುವುದು ಜಗಳಕ್ಕೆ ದಾರಿ.

ಯಾರನ್ನು ಏನು ಕೇಳಬೇಕು?

ಜಮೀನಿನ ಇಸಿಯಂತೆ ಎಲ್ಲವನ್ನೂ ಒಂದೇ ಕಡೆ ತೋರಿಸುವ ಕಾಗದ ದೋಣಿಗೆ ಇಲ್ಲ. ಆದ್ದರಿಂದ ನಾಲ್ಕೈದು ಕಡೆಯಿಂದ ಮಾಹಿತಿ ಕೂಡಿಸಬೇಕು. ಮಾರುವವರು ಕೊಟ್ಟ ಜೆರಾಕ್ಸ್ ಪ್ರತಿಯಷ್ಟೇ ಇದ್ದರೆ ಸಾಲದು.

1. ನೋಂದಣಿ ಕಚೇರಿ: ಒಡೆಯರ ಹೆಸರು, ದೋಣಿಯ ಉದ್ದ ಅಗಲ, ಎಂಜಿನ್ ಸಂಖ್ಯೆ, ಅಡಮಾನದ ಉಲ್ಲೇಖ. ದೋಣಿಯ ಮುಂದೆ ನಿಂತು ಒಂದೊಂದನ್ನೂ ತಾಳೆ ನೋಡಿ. ಎಂಜಿನ್ ಬದಲಾಗಿದ್ದರೆ ಅದರ ಬಿಲ್ಲು, ಅದಕ್ಕೆ ಪಡೆದ ಸಾಲದ ವಿವರ ಬೇರೆಯಾಗಿ ಕೇಳಿ.

2. ಬ್ಯಾಂಕು ಮತ್ತು ಸಹಕಾರ ಸಂಘ: ಸಾಲ ಇದ್ದಿದ್ದರೆ ‘ತೀರಿದೆ’ ಎಂಬ ಪತ್ರ ಸಾಲ ಕೊಟ್ಟವರಿಂದಲೇ ಬರಲಿ. ಅಡಮಾನಗಳ ಕೇಂದ್ರ ದಾಖಲೆಯಾದ ಸೆರ್ಸಾಯಿಯಲ್ಲಿ ಹುಡುಕಿ ಏನೂ ಸಿಗಲಿಲ್ಲ ಎಂದು ನಿಶ್ಚಿಂತೆ ಬೇಡ. ಆ ವ್ಯವಸ್ಥೆಗೆ ಆಧಾರವಾದ 2002ರ ಸರ್ಫೇಸಿ ಕಾಯ್ದೆಯ 31ನೇ ಕಲಮು ಹಡಗು-ದೋಣಿಗಳ ಅಡಮಾನವನ್ನು ಕಾಯ್ದೆಯ ಹೊರಗಿಟ್ಟಿದೆ. ಮಾರುವುದು ಕಂಪನಿಯಾದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಋಣಭಾರದ ದಾಖಲೆ ನೋಡಬಹುದು.

3. ಸಹಾಯಧನದ ಆದೇಶ: ಸರ್ಕಾರಿ ಯೋಜನೆಯಲ್ಲಿ ಕೊಂಡ ದೋಣಿ ಅಥವಾ ಎಂಜಿನ್ ಆಗಿದ್ದರೆ, ಮಾರಾಟಕ್ಕೆ ಷರತ್ತು ಇದೆಯೇ ಎಂದು ಆದೇಶ ಪತ್ರ ಓದಿ.

4. ದಕ್ಕೆ: ಬಂದರಿನ ಶುಲ್ಕ ಬಾಕಿ ಇಲ್ಲ ಎಂಬ ರಸೀದಿ ಪಡೆಯಿರಿ. ತಂಡೇಲರನ್ನೂ ಕೆಲಸಗಾರರನ್ನೂ ಮಾತಾಡಿಸಿ. ಸಂಬಳ ಬಾಕಿ ಇದೆಯೇ, ಅಪಘಾತ ಆಗಿತ್ತೇ ಎಂಬುದು ಅವರಿಗೆ ಗೊತ್ತಿರುತ್ತದೆ.

ಹರಾಜಿನಲ್ಲಿ ಕೊಳ್ಳುವವರು ಒಂದು ವ್ಯತ್ಯಾಸ ತಿಳಿದಿರಲಿ. ಅಡ್ಮಿರಾಲ್ಟಿ ಕಾಯ್ದೆಯಡಿ ಹೈಕೋರ್ಟ್ ಮಾರಿದ ದೋಣಿ ಎಲ್ಲ ಋಣಗಳಿಂದ ಬಿಡುಗಡೆಯಾಗಿ ಬರುತ್ತದೆ. ಬೇರೆ ಹರಾಜುಗಳನ್ನು ಹಾಗೆಂದು ನಂಬದೆ ಷರತ್ತು ಓದಬೇಕು.

ಹಣ ಯಾವಾಗ ಕೊಡಬೇಕು?

ಕರಾರು ಬರೆಯುವಾಗ ಸಣ್ಣ ಅಡ್ವಾನ್ಸ್. ಸಾಲ ಬಾಕಿ ಇದ್ದರೆ ಆ ಮೊತ್ತ ನೇರ ಬ್ಯಾಂಕಿಗೆ. ಉಳಿದದ್ದು ರಿಜಿಸ್ಟರಿನಲ್ಲಿ ಹೆಸರು ಬದಲಾದ ಮೇಲೆ. ಎಲ್ಲವೂ ಬ್ಯಾಂಕ್ ಖಾತೆಯ ಮೂಲಕವೇ ಹೋಗಲಿ. ಹಳೆಯ ಬಾಕಿ ಹೊರಬಿದ್ದರೆ ಮಾರಿದವರೇ ಭರಿಸಬೇಕು ಎಂದು ಕರಾರಿನಲ್ಲಿ ಬರೆಸಿ. ದೊಡ್ಡ ಮೊತ್ತವಾದರೆ ವಕೀಲರಿಗೆ ಒಮ್ಮೆ ತೋರಿಸುವ ಖರ್ಚು ದುಬಾರಿಯಲ್ಲ.

ಎಂಜಿನ್ ಇಲ್ಲದ ಸಣ್ಣ ದೋಣಿ, ಹರಿಗೋಲು, ತೆಪ್ಪಗಳಿಗೆ ಇಷ್ಟೆಲ್ಲ ಕಾಗದ ಇರುವುದಿಲ್ಲ. ಅಲ್ಲಿ ಮೊದಲ ಖರೀದಿಯ ಬಿಲ್ಲು, ದೋಣಿಯ ಅಳತೆ ಮತ್ತು ಗುರುತು ಬರೆದ ರಸೀದಿ, ಇಬ್ಬರು ಸಾಕ್ಷಿಗಳ ಸಹಿ, ಮಾರುವವರ ಜೊತೆ ದೋಣಿಯ ಫೋಟೊ ಇಟ್ಟುಕೊಳ್ಳಬೇಕು. ಊರಿನ ನಾಲ್ಕು ಜನಕ್ಕೆ ಗೊತ್ತಾಗುವಂತೆ ಕೊಳ್ಳುವುದೂ ಒಂದು ದಾಖಲೆಯೇ.

ಇಷ್ಟನ್ನು ಕೇಳಿದಾಗ ಪ್ರಾಮಾಣಿಕ ಮಾರಾಟಗಾರರಿಗೆ ಸ್ವಲ್ಪ ತಡವಾಗಬಹುದು, ನಷ್ಟವಾಗುವುದಿಲ್ಲ. ‘ನಾಳೆ ಇನ್ನೊಬ್ಬರು ಬರುತ್ತಾರೆ, ಇವತ್ತೇ ಹಣ ಕೊಡಿ’ ಎಂದು ಯಾರಾದರೂ ಅವಸರ ಮಾಡಿದರೆ, ಆ ದೋಣಿಯನ್ನು ಇನ್ನೊಬ್ಬರಿಗೇ ಬಿಟ್ಟುಬಿಡುವುದು ಒಳ್ಳೆಯದು.