ಕ್ಯಾನನ್ನೋ, ನಿಕಾನೋ? ಮೊದಲು ಲೆನ್ಸ್ ಯಾರದು ಹೇಳಿ!

ನಮ್ಮ ಅಪ್ಪಂದಿರ ಕಾಲದಲ್ಲಿ ಟಾಕೀಸಿನ ಮುಂದೆ ನಾಲ್ಕು ಜನ ಸೇರಿದರೆ ಒಂದೇ ಪ್ರಶ್ನೆ. ನೀನು ಅಣ್ಣಾವ್ರ ಕಡೆಯೋ, ವಿಷ್ಣು ಕಡೆಯೋ? ಇಬ್ಬರೂ ಇಷ್ಟ ಎಂದವನಿಗೆ ಎರಡೂ ಕಡೆಯಿಂದ ಬೈಗುಳ! ಈಗಿನ ಹುಡುಗರ ಜಗಳ ಬೇರೆ ಕಣ್ರೀ. ಮದುವೆ ಮನೆಯಲ್ಲಿ ಕ್ಯಾಮೆರಾ ನೇತು ಹಾಕಿಕೊಂಡ ಇಬ್ಬರು ಎದುರಾದರೆ ಮೊದಲು ನೋಡುವುದು ಮುಖವನ್ನಲ್ಲ, ಕುತ್ತಿಗೆ ಪಟ್ಟಿಯ ಮೇಲಿನ ಹೆಸರನ್ನು. ಕ್ಯಾನನ್ನೋ, ನಿಕಾನೋ? ಅಲ್ಲಿಂದ ಶುರುವಾದರೆ ಊಟದ ಎಲೆ ಹಾಕುವವರೆಗೂ ನಿಲ್ಲುವುದಿಲ್ಲ...

ಈ ವಾರದ ಅಂಚೆಯಲ್ಲೂ ಅದೇ ರಾಮಾಯಣ. ಹಾಸನದ ಕಡೆಯ ಓದುಗ ಮಿತ್ರನೊಬ್ಬ ನಾಲ್ಕು ಪುಟ ಬರೆದಿದ್ದಾನೆ. ಸ್ಟುಡಿಯೋ ಒಂದರಲ್ಲಿ ಲೈಟು ಹಿಡಿಯುವ ಕೆಲಸ. ಎರಡು ವರ್ಷ ಕಟ್ಟಿದ ಚೀಟಿ ಹಣ ಐವತ್ತು ಸಾವಿರ ಬರುವ ತಿಂಗಳು ಕೈಗೆ ಬರುತ್ತದಂತೆ. ತಂಗಿಯ ಕಾಲೇಜು ಫೀಸಿಗೆ ಎಂದು ಅಮ್ಮ, ಕ್ಯಾಮೆರಾಗೆ ಎಂದು ಇವನು. ಕೊನೆಗೆ ಅಮ್ಮನೇ ಸೋತು ‘ತಗೋ, ಆದರೆ ಎರಡನೇ ಸಲ ಕೇಳಬೇಡ’ ಎಂದಳಂತೆ. ಮುಂದೆ ಗಾಂಧಿನಗರಕ್ಕೆ ಬಂದು ಸಿನಿಮಾ ಸ್ಟಿಲ್ ಫೋಟೋಗ್ರಾಫರ್ ಆಗುವ ಆಸೆ. ‘ಮೊದಲ ಡಿಜಿಟಲ್ ಎಸ್ಎಲ್ಆರ್ ಯಾವುದು ತಗೊಳ್ಳಲಿ, ಒಂದೇ ಮಾತಿನಲ್ಲಿ ಹೇಳಿ ಸಾರ್’ ಅಂತಾನೆ.

ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಅದು ಎರಡನೇ ಸಲ ಸಿಗದ ದುಡ್ಡು. ಅದಕ್ಕೇ ಈ ವಾರ ನಾಯಕಿಯರ ಸುದ್ದಿಯನ್ನು ಸ್ವಲ್ಪ ಪಕ್ಕಕ್ಕಿಡೋಣ. ಬೇಜಾರು ಮಾಡ್ಕೋಬೇಡಿ, ಅವರೆಲ್ಲಿಗೂ ಓಡಿ ಹೋಗೋದಿಲ್ಲ!

ಮೊದಲು ಒಂದು ಒಳಗಿನ ಸುದ್ದಿ. ಇವತ್ತು ಹಾವು ಮುಂಗುಸಿಯಂತೆ ಇರುವ ಈ ಎರಡು ಕಂಪನಿಗಳಲ್ಲಿ ನಿಕಾನ್ ಹಿರಿಯಣ್ಣ, 1917ರಲ್ಲಿ ಹುಟ್ಟಿದ್ದು. ಕ್ಯಾನನ್ ಶುರುವಾದದ್ದು 1933ರಲ್ಲಿ. ಬೌದ್ಧರ ಕರುಣಾದೇವತೆಯ ಹೆಸರಿಟ್ಟು ‘ಕ್ವಾನನ್’ ಎಂಬ ಮಾದರಿ ಮಾಡಿದರು, ಆಮೇಲೆ ಅದೇ ಕ್ಯಾನನ್ ಆಯಿತು. 1936ರಲ್ಲಿ ಇವರ ಮೊದಲ ಕ್ಯಾಮೆರಾ ‘ಹನ್ಸಾ ಕ್ಯಾನನ್’ ಪೇಟೆಗೆ ಬಂದಾಗ ಅದರ ಮೂತಿಯಲ್ಲಿದ್ದ ಲೆನ್ಸ್ ಯಾರದು ಗೊತ್ತೇ? ನಿಕಾನಿನವರದು! ಹೌದು ಸ್ವಾಮಿ, ಕ್ಯಾನನ್ನಿನ ಚೊಚ್ಚಲ ಕೂಸು ಲೋಕ ನೋಡಿದ್ದು ನಿಕಾನಿನ ಕಣ್ಣಿನಿಂದ. ಅಭಿಮಾನಿ ಸಂಘದ ಹುಡುಗರಿಗೆ ಇದನ್ನು ಹೇಳಿ ನೋಡಿ, ಮುಖ ಹೇಗಾಗುತ್ತದೆ ಅಂತ.

ಚಿತ್ರದ ಗುಣದ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಇಷ್ಟೇ. ಒಂದೇ ದರ್ಜೆಯ ಎರಡು ಕ್ಯಾಮೆರಾ ತಗೊಂಡು, ಒಂದೇ ಬೆಳಕಿನಲ್ಲಿ ಒಂದೇ ಹುಡುಗಿಯ ಫೋಟೋ ತೆಗೆದು ಹೆಸರು ಮುಚ್ಚಿಟ್ಟರೆ, ಯಾವುದು ಯಾವುದೆಂದು ಹೇಳುವ ಶೂರ ನಮ್ಮೂರಲ್ಲಿಲ್ಲ. ಕ್ಯಾನನ್ನಿನಲ್ಲಿ ಮೈಬಣ್ಣ ಚೆಂದ, ನಿಕಾನಿನಲ್ಲಿ ನೆರಳಿನ ವಿವರ ಚೆಂದ ಎನ್ನುತ್ತಾರೆ. ಸುಳ್ಳೆಂದು ನಾನು ಹೇಳಲಾರೆ. ಆದರೆ ರಾ ಫೈಲಿನಲ್ಲಿ ತೆಗೆದು ಕಂಪ್ಯೂಟರಿನ ಮುಂದೆ ಕೂತವನಿಗೆ ಆ ಬಣ್ಣ ಹತ್ತು ನಿಮಿಷದ ಕೆಲಸ. ಮೂಡಿಗೆರೆಯ ಕಾಡಿನಲ್ಲಿ ಹಕ್ಕಿಗಳ ಹಿಂದೆ ಅಲೆದ ತೇಜಸ್ವಿಯವರ ಚಿತ್ರ ನೋಡಿದವರು ಹಕ್ಕಿಯ ಹೆಸರು ಕೇಳುತ್ತಾರೆಯೇ ಹೊರತು ಕಂಪನಿಯ ಹೆಸರಲ್ಲ.

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ. ಮೈಯಲ್ಲಿ ಇಲ್ಲ, ಕುತ್ತಿಗೆಯಲ್ಲಿದೆ! ಲೆನ್ಸ್ ಕೂರುವ ಆ ಲೋಹದ ಬಳೆಗೆ ಮೌಂಟ್ ಎನ್ನುತ್ತಾರೆ. ಕ್ಯಾನನ್ನಿನ ಲೆನ್ಸ್ ನಿಕಾನಿಗೆ ಕೂರದು. ನಿಕಾನಿನದನ್ನು ತೆಳ್ಳನೆಯ ಬಳೆ ಹಾಕಿ ಕ್ಯಾನನ್ನಿಗೆ ಕೂರಿಸಬಹುದು, ಆದರೆ ಫೋಕಸ್ ಕೈಯಲ್ಲೇ ತಿರುಗಿಸಬೇಕು. ಕಾರಣ ಕೇಳ್ತೀರಾ? ಮೌಂಟಿನಿಂದ ಸೆನ್ಸರಿಗಿರುವ ದೂರ ಕ್ಯಾನನ್ನಿನಲ್ಲಿ 44 ಮಿಲಿಮೀಟರ್, ನಿಕಾನಿನಲ್ಲಿ 46.5. ಎರಡೂವರೆ ಮಿಲಿಮೀಟರ್ ಸ್ವಾಮಿ, ಬೀಗರ ಸಂಬಂಧ ಕೆಡಲು ಅಷ್ಟು ಸಾಕು. (ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ಇದೆಲ್ಲ ಹೇಗೆ ಗೊತ್ತು ಎನ್ನಬೇಡಿ. ಸ್ಕೇಲು ಹಿಡಿಯಲು ಡಿಗ್ರಿ ಬೇಕಿಲ್ಲ.)

ಕ್ಯಾಮೆರಾದ ಮೈ ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ. ಲೆನ್ಸ್ ಹಾಗಲ್ಲ, ನೋಡಿಕೊಂಡರೆ ಮಗನ ಕಾಲಕ್ಕೂ ಬರುತ್ತದೆ. ಇವತ್ತು ಒಂದು ಕಂಪನಿಯ ಮೈ ಕೊಂಡವನು ನಾಳೆ ಆ ಕಂಪನಿಯದೇ ಲೆನ್ಸ್ ಕೊಳ್ಳುತ್ತಾನೆ, ನಾಡಿದ್ದು ಇನ್ನೊಂದು. ಮೂರು ಲೆನ್ಸ್ ಆದ ಮೇಲೆ ಬಿಟ್ಟು ಹೋಗುವುದೆಂದರೆ ಮನೆ ಮಾರಿದ ಹಾಗೆ. ಕಂಪನಿಗಳಿಗೂ ಇದು ಚೆನ್ನಾಗಿ ಗೊತ್ತು. ನಿಕಾನಿನವರು 1959ರ ಮೌಂಟನ್ನೇ ಡಿಜಿಟಲ್ ಕಾಲದವರೆಗೂ ಎಳೆದುಕೊಂಡು ಬಂದರು. ಕ್ಯಾನನ್ನಿನವರು 1987ರಲ್ಲಿ ಹಳೆಯದನ್ನು ಒಂದೇ ಏಟಿಗೆ ಕೈಬಿಟ್ಟು ಇಎಫ್ ಎಂಬ ಹೊಸ ಮೌಂಟ್ ತಂದರು. ಹಳೇ ಲೆನ್ಸ್ ಇದ್ದವರು ಹಲ್ಲು ಕಡಿದರು. ಆದರೆ ಆ ಕ್ರೂರ ನಿರ್ಧಾರದ ಲಾಭ ಇವತ್ತಿನ ಹೊಸಬನಿಗೆ ಸಿಗುತ್ತಿದೆ. ಹೇಗೆ ಅಂತ ಹೇಳ್ತೀನಿ ಕೇಳಿ, ಅಂಗಡಿಯವರು ಬಾಯಿ ಬಿಡದ ಮಾತು ಇದು.

ಆಟೋಫೋಕಸ್ ಲೆನ್ಸ್ ತಿರುಗಲು ಮೋಟಾರ್ ಬೇಕು. ಇಎಫ್ ಲೆನ್ಸ್‌ಗಳಲ್ಲಿ ಮೋಟಾರ್ ಲೆನ್ಸಿನ ಹೊಟ್ಟೆಯಲ್ಲೇ ಇದೆ. ನಿಕಾನಿನ ಹಳೆಯ ‘ಡಿ’ ಲೆನ್ಸ್‌ಗಳಿಗೆ ಕ್ಯಾಮೆರಾದೊಳಗೆ ಮೋಟಾರ್ ಇರಬೇಕು. ಆದರೆ ನಿಕಾನಿನವರು 2006ರ ಡಿ40ಯಿಂದ ಹಿಡಿದು ಡಿ3500, ಡಿ5600ವರೆಗೆ ಅಗ್ಗದ ಮಾದರಿಗಳಲ್ಲಿ ಆ ಮೋಟಾರನ್ನೇ ತೆಗೆದು ಹಾಕಿದ್ದಾರೆ! ಪಾಪದ ಹುಡುಗ ಹೊಸ ಡಿ5600 ಹಿಡಿದು, ‘ಅಗ್ಗಕ್ಕೆ ಸಿಕ್ಕಿತು’ ಎಂದು 50 ಎಂ.ಎಂ. 1.8 ‘ಡಿ’ ಲೆನ್ಸ್ ತಂದು ಹಾಕುತ್ತಾನೆ. ಒತ್ತುತ್ತಾನೆ, ಒತ್ತುತ್ತಾನೆ... ಲೆನ್ಸ್ ಕದಲುವುದೇ ಇಲ್ಲ. ಮಾಂಗಲ್ಯಧಾರಣೆ ಮುಗಿದೇ ಹೋಯಿತು. ನಿಕಾನ್ ಲೆನ್ಸಿನ ಮೈಮೇಲೆ ‘ಎಎಫ್-ಎಸ್’ ಎಂದಿದ್ದರೆ ಒಳಗೆ ಮೋಟಾರ್ ಇದೆ ಎಂದು ಅರ್ಥ. ಬಾಯಿಪಾಠ ಮಾಡಿಟ್ಟುಕೊಳ್ಳಿ.

ಈಗ ನಮ್ಮ ಹಾಸನದ ಮಿತ್ರನಿಗೆ ಉತ್ತರ. ಕಾಗದದ ಮೂರನೇ ಪುಟದಲ್ಲಿ ತಾನಾಗಿಯೇ ಗುಟ್ಟು ಹೇಳಿದ್ದಾನೆ. ಸ್ಟುಡಿಯೋ ಯಜಮಾನರ ಬೀರುವಿನಲ್ಲಿ ನಿಕಾನಿನ ಐದು ಲೆನ್ಸ್ ಇವೆಯಂತೆ, ಎಲ್ಲ ಹಳೇ ‘ಡಿ’ ಕಾಲದವು, ಭಾನುವಾರ ಕೇಳಿದರೆ ಕೊಡುತ್ತಾರಂತೆ. ಮುಗೀತಲ್ಲಪ್ಪಾ! ಐದು ಲೆನ್ಸ್ ಬಿಟ್ಟಿ ಸಿಗುವಾಗ ಕ್ಯಾನನ್ ಮಾತೇಕೆ? ನಿಕಾನೇ ತಗೋ. ಆದರೆ ಹೊಸ ಡಿ5600 ಬೇಡ. ಕೈ ಬದಲಾದ ಡಿ7200 ಹುಡುಕು. 2015ರ ಮಾದರಿ, ಒಳಗೆ ಮೋಟಾರ್ ಇದೆ, ಕಾರ್ಡಿಗೆ ಎರಡು ಗೂಡಿವೆ. ಮದುವೆ ತೆಗೆಯುವವನಿಗೆ ಎರಡನೇ ಗೂಡು ಎಂದರೆ ಜೀವವಿಮೆ. ಒಂದು ಕಾರ್ಡು ಕೈಕೊಟ್ಟರೂ ಇನ್ನೊಂದರಲ್ಲಿ ಮದುಮಗಳು ಭದ್ರ. ಅದರ ನಂತರ ಬಂದ ಡಿ7500ರಲ್ಲಿ ಒಂದೇ ಗೂಡು, ಎಚ್ಚರ. ಇಡೀ ಐವತ್ತು ಸಾವಿರ ಸುರಿಯಬೇಡ. ಉಳಿದದ್ದನ್ನು ತಂಗಿಯ ಕೈಗೆ ಕೊಡು.

ಸಾಲ ಕೇಳಲು ಯಾರೂ ಇಲ್ಲದವರ ಪಾಡೇನು? ಅವರಿಗೆ ನನ್ನ ಓಟು ಕ್ಯಾನನ್ನಿಗೆ. ಸೆಕೆಂಡ್ ಹ್ಯಾಂಡಿನಲ್ಲಿ ಯಾವ ಇಎಫ್ ಲೆನ್ಸ್ ಸಿಕ್ಕರೂ ಆಟೋಫೋಕಸ್ ಆಗುತ್ತದೆ ಎಂಬ ಧೈರ್ಯ ದೊಡ್ಡದು. ಕಿರುಚಿತ್ರದ ಹುಚ್ಚಿದ್ದರೆ 200ಡಿ ಮಾರ್ಕ್ 2 ನೋಡಿ, ಮೈಕ್ ಸಿಕ್ಕಿಸಲು ತೂತಿದೆ. 1500ಡಿಯಲ್ಲಿ ಅದೂ ಇಲ್ಲ. ಸೋನಿಯವರು 2006ರಲ್ಲಿ ಕೋನಿಕಾ ಮಿನೋಲ್ಟಾ ಕಂಪನಿಯ ಎಸ್ಎಲ್ಆರ್ ವ್ಯವಹಾರವನ್ನು ತಮ್ಮದಾಗಿಸಿಕೊಂಡು ಆಮೇಲೆ ಆ ಸಾಲನ್ನೇ ನಿಲ್ಲಿಸಿದರು, ಹಾಗಾಗಿ ಅಗ್ಗ ಎಂದು ಸೋನಿ ಎಸ್ಎಲ್ಆರ್ ಮುಟ್ಟಬೇಡಿ. ಪೆಂಟಾಕ್ಸ್ ಒಳ್ಳೆಯ ಕ್ಯಾಮೆರಾ ನಿಜ. ಆದರೆ ನಿಮ್ಮ ತಾಲ್ಲೂಕಿನಲ್ಲಿ ಅದರ ಲೆನ್ಸ್ ಯಾರ ಹತ್ತಿರ ಇದೆ ಹೇಳಿ?

ಸಿನಿಮಾ ಪತ್ರಿಕೆಯಲ್ಲಿ ಸಿನಿಮಾ ಮಾತಿಲ್ಲದಿದ್ದರೆ ಸಂಪಾದಕರು ಬಿಡುತ್ತಾರೆಯೇ! 2008ರಲ್ಲಿ ಎಸ್ಎಲ್ಆರಿಗೆ ವಿಡಿಯೋ ಕಲಿಸಿದ ಮೊದಲಿಗ ನಿಕಾನ್ ಡಿ90. ಆದರೆ ಒಮ್ಮೆಗೆ ಐದೇ ನಿಮಿಷ. ಮೂರು ವಾರ ಕಳೆಯುವಷ್ಟರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂತು, ಸೀಟಿಯೆಲ್ಲ ಅದಕ್ಕೆ. 2010ರಲ್ಲಿ ಅಮೆರಿಕದ ‘ಹೌಸ್’ ಧಾರಾವಾಹಿಯ ಒಂದು ಇಡೀ ಕಂತು ಅದರಲ್ಲೇ ಚಿತ್ರಣವಾಯಿತು. 2011ರಲ್ಲಿ ರಾಮಗೋಪಾಲ ವರ್ಮ ‘ದೊಂಗಲ ಮುಠಾ’ ಎಂಬ ತೆಲುಗು ಚಿತ್ರವನ್ನು ಕ್ಯಾನನ್ 5ಡಿಯಲ್ಲಿ ಐದೇ ದಿನದಲ್ಲಿ ಮುಗಿಸಿದರು. (ಚಿತ್ರ ಹೇಗಿತ್ತು ಎಂದು ಕೇಳಬೇಡಿ, ನಾನು ಹೇಳುತ್ತಿರುವುದು ಕ್ಯಾಮೆರಾ ವಿಷಯ.) ಹಿರಿಯಣ್ಣ ಸುಮ್ಮನಿರುತ್ತಾನೆಯೇ? 2024ರಲ್ಲಿ ನಿಕಾನಿನವರು ರೆಡ್ ಕ್ಯಾಮೆರಾ ಕಂಪನಿಯನ್ನೇ ಕೊಂಡುಬಿಟ್ಟರು!

ಇನ್ನೊಂದು ಮಾತು ಮುಚ್ಚಿಡಬಾರದು. ಎಸ್ಎಲ್ಆರಿನ ಶೋ ಮುಗಿಯುತ್ತಾ ಬಂದಿದೆ. ಕ್ಯಾನನ್, ನಿಕಾನ್ ಇಬ್ಬರೂ ಕೊನೆಯ ಹೊಸ ಎಸ್ಎಲ್ಆರ್ ತಂದದ್ದು 2020ರಲ್ಲಿ. ಆಮೇಲೆ ಬಂದದ್ದೆಲ್ಲ ಕನ್ನಡಿ ಇಲ್ಲದ ಮಿರರ್‌ಲೆಸ್. ಸಿನಿಮಾ ಸ್ಟಿಲ್ ತೆಗೆಯುವವರಿಗೆ ಇದು ತುಂಬಾ ಮುಖ್ಯ. ಹಿಂದೆ ಡಬ್ಬಿಂಗ್ ಕಾಲದಲ್ಲಿ ಸಿನಿಮಾ ಕ್ಯಾಮೆರಾವೇ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು, ಸ್ಟಿಲ್ ಕ್ಯಾಮೆರಾದ ಸದ್ದು ಯಾರಿಗೆ ಕೇಳಬೇಕು? ಈಗ ಸಿಂಕ್ ಸೌಂಡ್. ನಾಯಕಿ ಕಣ್ಣೀರು ಹಾಕುವ ಹೊತ್ತಿಗೆ ಎಸ್ಎಲ್ಆರಿನ ಕನ್ನಡಿ ‘ಟಪಕ್’ ಎಂದರೆ ಸೌಂಡಿನವನು ಹೆಡ್‌ಫೋನ್ ಕಿತ್ತೆಸೆದು ಎದ್ದು ಬರುತ್ತಾನೆ. ಮಿರರ್‌ಲೆಸ್ಸಿನಲ್ಲಿ ಸದ್ದಿಲ್ಲದೆ ತೆಗೆಯಬಹುದು. ಗಾಂಧಿನಗರಕ್ಕೆ ಬರುವ ಹೊತ್ತಿಗೆ ಅದು ಬೇಕಾಗುತ್ತದೆ. ಕಲಿಯಲು, ಮದುವೆ ನಾಮಕರಣ ತೆಗೆದು ದುಡಿಯಲು ಹಳೇ ಎಸ್ಎಲ್ಆರ್ ಇವತ್ತಿಗೂ ಸಾಕು. ಮಿರರ್‌ಲೆಸ್ಸಿಗೆ ಹೋದವರು ಮಾರುವುದರಿಂದಲೇ ಒಳ್ಳೊಳ್ಳೆಯ ಮಾಲು ಸಿಗುತ್ತಿದೆ.

ನಾಳೆ ದಾಟುವಾಗಲೂ ಲೆನ್ಸಿನದೇ ಕತೆ. ಇಎಫ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಕ್ಯಾನನ್ನಿನ ಮಿರರ್‌ಲೆಸ್ಸಿನಲ್ಲಿ ಮೊದಲಿನಂತೆಯೇ ಫೋಕಸ್ ಆಗುತ್ತವೆ. ನಿಕಾನಿನವರ ಎಫ್‌ಟಿಝಡ್ ಅಡಾಪ್ಟರಿನಲ್ಲಿ ‘ಎಎಫ್-ಎಸ್’ ಆಗುತ್ತದೆ, ಆ ಹಳೇ ‘ಡಿ’ ಲೆನ್ಸ್ ಆಗದು. ಆದ್ದರಿಂದ ಯಜಮಾನರ ಲೆನ್ಸ್ ಬಳಸಿ, ಆದರೆ ಸ್ವಂತ ದುಡ್ಡಿನಲ್ಲಿ ‘ಡಿ’ ಕೊಳ್ಳಬೇಡಿ.

ಹಳೇ ಕ್ಯಾಮೆರಾ ಕೊಳ್ಳುವವರು ಹಗಲಿನಲ್ಲೇ ಹೋಗಿ. ನಿಕಾನಿನಲ್ಲಿ ಎಷ್ಟು ಫೋಟೋ ತೆಗೆದಿದೆ ಎಂಬ ಲೆಕ್ಕ ಫೋಟೋ ಫೈಲಿನೊಳಗೇ ಬರೆದಿರುತ್ತದೆ. ಕ್ಯಾನನ್ನಿನ ಅನೇಕ ಮಾದರಿಗಳಲ್ಲಿ ಅದು ಸುಲಭಕ್ಕೆ ಸಿಗದು, ಬೇರೆ ತಂತ್ರಾಂಶ ಬೇಕು. ಒಂದು ದೊಡ್ಡ ಮದುವೆಗೆ ಎರಡು ಮೂರು ಸಾವಿರ ಫೋಟೋ ಓಡುತ್ತದೆ, ಮಾರುವವನು ಮದುವೆ ಫೋಟೋಗ್ರಾಫರ್ ಆದರೆ ಲೆಕ್ಕ ನೀವೇ ಹಾಕಿ. ಲೆನ್ಸನ್ನು ಎರಡೂ ಕಡೆ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಮಲೆನಾಡು, ಕರಾವಳಿಯಿಂದ ಬಂದ ಲೆನ್ಸ್ ಆದರೆ ಇನ್ನೂ ಒಂದು ಸಲ ನೋಡಿ. ಮಳೆಗಾಲದ ಬೂಷ್ಟು ಜೇಡರ ಬಲೆಯಂತೆ ಒಳಗಾಜಿನ ಮೇಲೆ ಹಬ್ಬಿರುತ್ತದೆ, ಹೊರಗಿನಿಂದ ಒರೆಸಿದರೆ ಹೋಗದು. ಅಂಗಡಿಯವನು ‘ಧೂಳು ಸಾರ್, ಧೂಳು’ ಎನ್ನುತ್ತಾನೆ. ಅನ್ನಲಿ. ಲೆನ್ಸ್ ವಾಪಸ್ಸು ಕೊಟ್ಟು ಪಕ್ಕದ ಅಂಗಡಿಗೆ ನಡೆಯಿರಿ.