ಕೆರೆಯಂಚಿನ ಹಸಿರು

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದ ಹೆಸರನ್ನು ಕೇಳಿದವರಿಗೆ ಆ ಸೀಮೆಯ ಮಳೆಯ ಲೆಕ್ಕವನ್ನು ತೋರಿಸಿದರೆ ನಗೆ ಬಂದೀತು. ವರ್ಷಕ್ಕೆ ಸುಮಾರು 20 ಅಂಗುಲ ಬಿದ್ದರೆ ಅದೇ ಪುಣ್ಯ. ಆದರೆ ಕೆರೆಗೆ ಸಮುದ್ರವೆಂದು ಹೆಸರಿಡುವುದು ಕನ್ನಡನಾಡಿನ ಹಳೆಯ ವಾಡಿಕೆ. ಬರಸೀಮೆಯವರಿಗೆ ಕಟ್ಟಿ ನಿಲ್ಲಿಸಿದ ನೀರೇ ಸಮುದ್ರ.

ಇಂತಹ ಸೀಮೆಯಲ್ಲಿ ಕೆರೆ, ಗೋಕಟ್ಟೆಗಳ ಹೂಳೆತ್ತುವ ಕಾರ್ಯವನ್ನು ನಾವು ಸ್ವಾಗತಿಸುತ್ತೇವೆ. ನಮ್ಮ ತಕರಾರು ಯಂತ್ರದ ಕುರುಡುತನದ ಮೇಲೆ. ಅದಕ್ಕೆ ಬಳ್ಳಾರಿ ಜಾಲಿಯೂ ಗರಿಕೆಯೂ ಒಂದೇ.

ಬಳ್ಳಾರಿ ಜಾಲಿಯ ಮೇಲೆ ನಮಗೆ ಕನಿಕರವಿಲ್ಲ. 1877ರಲ್ಲಿ ಕಡಪ ಜಿಲ್ಲೆಯಲ್ಲಿ ಬಿತ್ತಲ್ಪಟ್ಟ ಈ ಅಮೆರಿಕಾ ಖಂಡದ ಗಿಡವು ಬಡವರ ಒಲೆಗೆ ಸೌದೆಯಾಯಿತೆಂಬುದು ನಿಜ. ಆದರೆ ದನಗಳು ಅದರ ಸಿಹಿಗಾಯಿಯನ್ನು ತಿಂದು ಬೀಜವನ್ನು ಸಗಣಿಯೊಡನೆ ನೀರಿನ ದಂಡೆಗೆ ತಂದಿಕ್ಕುತ್ತವೆ; ಕಡಿದರೆ ಮತ್ತೆ ಚಿಗುರುವ ಅದನ್ನು ಬೇರುಸಹಿತ ಕೀಳದೆ ಗತ್ಯಂತರವಿಲ್ಲ.

ಗರಿಕೆ, ತುಂಗೆಗಳ ಮಾತು ಬೇರೆ. ಅವು ದಂಡೆಯ ಮಣ್ಣನ್ನು ಬಿಗಿಹಿಡಿದು, ಹರಿದುಬರುವ ಕೆಸರನ್ನು ಅಂಚಿನಲ್ಲಿಯೇ ತಡೆಯುತ್ತವೆ. ಜೊಂಡು ಅತಿಯಾದರೆ ಕೆರೆಯನ್ನೇ ನುಂಗುವುದಾದರೂ, ಮಿತಿಯಲ್ಲಿದ್ದರೆ ಮೀನುಮರಿಗಳಿಗೂ ನೀರುಕೋಳಿಗೂ ಅದೇ ಆಶ್ರಯ. ಬೇಸಗೆಯಲ್ಲಿ ನೀರು ಹಿಂಜರಿದಂತೆಲ್ಲ ಕೆರೆಯಂಗಳದಲ್ಲಿ ಚಿಗುರುವ ಹುಲ್ಲು ಈ ನಾಡಿನ ದನಗಳಿಗೆ, ಮ್ಯಾಸಬೇಡರು ಭಕ್ತಿಯಿಂದ ಸಾಕುವ ದೇವರ ಎತ್ತುಗಳಿಗೆ ಸಹ, ಕಡೆಯ ಹಸಿ ಮೇವು. ಅಂಚನ್ನು ಕಡಿದಾಗಿ ಕೊರೆದು ಕಲ್ಲು ಕಟ್ಟಿದರೆ ಈ ಹುಲ್ಲು ಎಲ್ಲಿ ಬೆಳೆಯಬೇಕು?

2014ರಿಂದೀಚೆಗೆ ಕೃಷಿಭಾಗ್ಯ ಯೋಜನೆಯಲ್ಲಿ ತೋಡಿದ ಕೃಷಿಹೊಂಡಗಳು ಒಣಗುವ ಬೆಳೆಗೆ ಒಂದೆರಡು ನೀರು ಕೊಡಬಲ್ಲವು. ಅಷ್ಟು ಉಪಕಾರವನ್ನು ಮರೆಯಬಾರದು. ಆದರೆ ಅವುಗಳಲ್ಲಿ ಹಾಸಿದ ಪ್ಲಾಸ್ಟಿಕ್ ಹಾಳೆಯಲ್ಲಿ ಹುಲ್ಲೆಸಳೂ ಬೇರೂರದು. ಅವು ಕೆರೆಗೆ ಬದಲಾಗಲಾರವು.

ಏರಿಯ ಮೇಲೆ ಮರ ಬೇಡವೆಂದು ಎಂಜಿನಿಯರರು ಹೇಳುವುದು ಸಾಧುವಾದುದೇ. ಬೇರು ಕೊಳೆತರೆ ಅದೇ ದಾರಿಯಲ್ಲಿ ನೀರು ಸೋರುವುದು. ಏರಿಗೆ ಗರಿಕೆ ಸಾಕು. ಹೊಂಗೆ, ಕರಿಜಾಲಿಗಳು ಹಿನ್ನೀರಿನ ಅಂಚಿನಲ್ಲಿರಲಿ. ಗುತ್ತಿಗೆದಾರನಿಗೆ ಎತ್ತಿದ ಮಣ್ಣಿನ ಅಳತೆಯ ಮೇಲೆಯೇ ಹಣ ಸಲ್ಲುವುದಾದರೆ ಆತನು ಹುಲ್ಲನ್ನು ಉಳಿಸುವನೆಂದು ನಂಬುವುದು ಪೆದ್ದುತನ. ಆದುದರಿಂದ ಯಾವ ಅಂಚನ್ನು ಮುಟ್ಟಕೂಡದು, ಯಾವ ಗಿಡವನ್ನು ಕೀಳಬೇಕು ಎಂಬುದು ಅಂದಾಜುಪಟ್ಟಿಯಲ್ಲಿಯೇ ನಮೂದಾಗಿ, ಯಂತ್ರ ಇಳಿಯುವುದಕ್ಕೆ ಮುಂಚೆ ಗ್ರಾಮಸಭೆಯಲ್ಲಿ ಓದಿ ಹೇಳಲ್ಪಡಬೇಕೆಂದು ಅಧಿಕಾರಿವರ್ಗದವರನ್ನು ಒತ್ತಾಯಿಸುತ್ತೇವೆ.